ಮಾವನ ವ್ಯಾಕ್ಸ್

ಅಳಿಯ ಕಾರಿನ ಬಾನೆಟ್ಟಿನ ಮೂಲೆಗೆ ಸೋಪಿನ ನೀರು ಚಿಮುಕಿಸಿ, ಪೇಂಟಿಗೆ ಅಂಟಿದ ಕೊಳೆ ಕೀಳುವ ಕ್ಲೇ ಬಾರಿನ ಜೇಡಿಮಣ್ಣಿನಂಥ ಮೆತ್ತನೆ ತುಂಡಿನಿಂದ ನಾಲ್ಕು ಸಲ ಉಜ್ಜಿದ್ದನಷ್ಟೇ, ಬೆನ್ನ ಹಿಂದೆ ಮಾವನ ದನಿ ಕೇಳಿತು.

“ಅಳಿಯಂದ್ರೇ, ನನ್ನ ವ್ಯಾಕ್ಸ್ ತೆಗೀತಿದೀರಾ?”

ಸತ್ತೆ ಎಂದುಕೊಂಡ ಅಳಿಯ. ಊಟವಾದ ಮೇಲೆ ಮಾವ ಗೊರಕೆ ಹೊಡೆಯುತ್ತಾರೆಂದು ನಂಬಿ ಕಳ್ಳನ ಹಾಗೆ ಕೆಲಸಕ್ಕಿಳಿದಿದ್ದ. ಕಾರು ಹೊಳೆಯಲೆಂದು ನಿನ್ನೆ ತಾನೇ ವ್ಯಾಕ್ಸ್ ಹಚ್ಚಿದವರು ಅವರು, ಅದೂ ಬಲಗೈಯಲ್ಲಿ. ಜೀವನವಿಡೀ ಕತ್ತರಿ ಹಿಡಿದ ಟೈಲರ್ ಕೈ ಅದು. ಭುಜ ಹಿಡಿದುಕೊಂಡು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿತ್ತು. ವಾಸಿಯಾಗಿದೆ ಎಂದು ಡಾಕ್ಟರು ಹೇಳಿದರೂ ಕೈ ಮೇಲೆತ್ತಲು ಮಾವನಿಗೆ ಧೈರ್ಯವಿಲ್ಲ. ಹಾಗಾಗಿ ಕಾರಿನ ಟಾಪ್ ಮಾತ್ರ ಬಿಟ್ಟುಹೋಗಿತ್ತು. ಅದನ್ನು ಯಾರೂ ಎತ್ತಿ ಆಡಿರಲಿಲ್ಲ. “ನೋಡ್ರಪ್ಪಾ, ಈ ಕೈಗೆ ಇನ್ನೂ ಜೀವ ಇದೆ!” ಎಂದು ಅವರು ಬೀಗಿದ್ದನ್ನು ನೋಡಿ ಮನೆಯವರೆಲ್ಲ ಹಿಗ್ಗಿದ್ದರು. ಈಗ ಆ ಹಿಗ್ಗನ್ನೇ ಅವನು ಉಜ್ಜಿ ತೆಗೆಯುತ್ತಿದ್ದ.

ಹಕ್ಕಿ ಗಲೀಜು ಮಾಡಿತ್ತು ಎಂಬ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

“ಹೌದು ಮಾವ. ಇದ್ರಿಂದ ಉಜ್ಜಿದ್ರೆ ಕೊಳೆ ಜೊತೆ ವ್ಯಾಕ್ಸೂ ಕಿತ್ಕೊಂಡು ಹೋಗುತ್ತೆ.”

“ಯಾಕೆ, ಕನ್ನಡಿ ಥರ ಹೊಳೀತಿರ್ಲಿಲ್ವಾ?”

“ಹೊಳೀತಿತ್ತು. ಆದ್ರೆ ನೋಡ್ಬೇಡಿ. ಬಟ್ಟೆ ಮುಟ್ಟೋ ಹಾಗೆ ಮುಟ್ಟಿ.”

ಮಾವ ಮುಖ ಊದಿಸಿಕೊಂಡೇ ಬಂದು ಕಣ್ಣು ಮುಚ್ಚಿದರು. ಬೆರಳ ತುದಿಯನ್ನು ಮೊದಲು ಅಳಿಯ ಉಜ್ಜಿದ ಮೂಲೆಯಲ್ಲಿ, ಆಮೇಲೆ ತಾವು ಹಚ್ಚಿದ ಕಡೆ ಆಡಿಸಿದರು. ಬೆರಳು ಗಕ್ಕನೆ ನಿಂತಿತು.

“ಅಯ್ಯೋ! ಮರಳು ಮರಳಾಗಿದೆಯಲ್ರೀ!”

“ಮರದ ಅಂಟು, ಕಬ್ಬಿಣದ ಧೂಳು. ತೊಳೆದ್ರೂ ಹೋಗಲ್ಲ. ವ್ಯಾಕ್ಸ್ ಅದರ ಮೇಲೇ ಕೂತುಬಿಟ್ಟಿದೆ.”

ಮಾವ ಇನ್ನೊಮ್ಮೆ ಬೆರಳಾಡಿಸಿ ನೋಡಿದರು. ಇದ್ದಕ್ಕಿದ್ದಂತೆ ನಗತೊಡಗಿದರು.

“ಅಂದ್ರೆ ಒಗೀದೇ ಇಸ್ತ್ರಿ ಹಾಕಿಬಿಟ್ಟೆ ಅನ್ನಿ! ಅಂಗಡೀಲಿ ಯಾರಾದ್ರೂ ಹೀಗೆ ಮಾಡಿದ್ರೆ ಕತ್ತರಿ ಕಿತ್ಕೊಂಡು ಮನೆಗೆ ಕಳಿಸ್ತಿದ್ದೆ.”

ಅಳಿಯನಿಗೆ ಹೋದ ಜೀವ ಬಂದ ಹಾಗಾಯಿತು. “ಉಜ್ಜೋದು ನಾನು. ವ್ಯಾಕ್ಸ್ ಮತ್ತೆ ನೀವೇ ಹಚ್ಬೇಕು.”

“ನನ್ನ ಪುಸಲಾಯಿಸ್ತಿದೀರಾ?”

“ಇಲ್ಲ ಮಾವ. ನಾನು ಹಚ್ಚಿದ್ರೆ ಪಟ್ಟೆ ಪಟ್ಟೆ ಬೀಳುತ್ತೆ.”

“ಅದಂತೂ ನಿಜ,” ಎಂದರು ಮಾವ, ಸ್ವಲ್ಪ ಬೇಗನೇ.

ಆಮೇಲೆ ಕೇಳಬೇಕೇ! ಅಳಿಯ ಉಜ್ಜುವುದು, ಮಾವ ಹಿಂದಿನಿಂದಲೇ ಬೆರಳಾಡಿಸಿ ತಪ್ಪು ಹುಡುಕುವುದು. “ಇದು ರೇಷ್ಮೆ. ಇದು ಗೋಣಿಚೀಲ, ಇನ್ನೊಂದು ಸಲ ಉಜ್ಜಿ.” ಮೆತ್ತನೆ ತುಂಡು ಕಪ್ಪಾದಾಗಲೆಲ್ಲ ಅಳಿಯ ಅದನ್ನು ಮಡಚಿ, ನಾದಿ, ಹೊಸ ಮೈ ಹೊರಕ್ಕೆ ತರುತ್ತಿದ್ದ. ಇಷ್ಟು ಬೈಸಿಕೊಂಡರೂ ಅವನಿಗೆ ಖುಷಿಯೋ ಖುಷಿ.

ಮಗಳು ಚಹಾ ಹಿಡಿದು ಹೊರಗೆ ಬಂದಾಗ ವಾದ ಜೋರಾಗಿತ್ತು.

“ಇಲ್ಲೊಂದು ಉಳಿದಿದೆ ಅಂತೀನಿ!”

“ಇಲ್ಲ ಮಾವ, ಆಗ್ಲೇ ಉಜ್ಜಿದೀನಿ.”

“ನನ್ನ ಬೆರಳಿಗೆ ಸುಳ್ಳು ಹೇಳ್ತೀರಾ? ಇಲ್ಲಿ, ಇಲ್ಲಿ!”

“ಅಪ್ಪಾ, ನಿನ್ನ ಕೈ…” ಎಂದು ಮಗಳು ಬಾಯಿ ತೆರೆದಳು. ಗಂಡ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ.

ಅಪ್ಪನ ಬಲಗೈ ಕಾರಿನ ಟಾಪಿನ ನಟ್ಟನಡುವೆ ಓಡಾಡುತ್ತಿತ್ತು. ಅಪ್ಪನಿಗೆ ಅದು ಇನ್ನೂ ಗೊತ್ತಾಗಿರಲಿಲ್ಲ.