ಖಾಲಿ ಕಲಂ

"ಬರ್ಕಳವ್ವ. ಗಿರಿಯಮ್ಮಂಗೆ ಹಿರಿಯೂರಲ್ಲಿ ಆರ್‌ಸಿಸಿ ಮನೆ ಐತೆ," ಎಂದಳು ಹುಚ್ಚಕ್ಕ.

ಅನುಸೂಯಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಗಿರಿಯಮ್ಮ ಶ್ರೀರಾಂಪುರದಾಚೆ ಕುರಿಹಟ್ಟಿಯ ಪಕ್ಕ ಟಾರ್ಪಾಲಿನಡಿ ಬದುಕುವ ಒಂಟಿ ಹೆಂಗಸು. ಮೊನ್ನೆಯ ಗಾಳಿಗೆ ಅದೂ ಹರಿದಿತ್ತು. ವಸತಿ ಸಂಘದ ಮನೆಗೆ ಅರ್ಜಿ ಹಾಕಿದ್ದಳು; ಮನೆ ಸಿಗುವವರ ಕೊನೆಯ ಪಟ್ಟಿ ಸೋಮವಾರ ಹೊರಬೀಳಲಿತ್ತು. ಹುಚ್ಚಕ್ಕ ಗಿರಿಯಮ್ಮನ ನೆರೆಯವಳು; ಹೋದ ವರ್ಷವೇ ಸಂಘದ ಮನೆ ಸಿಕ್ಕವಳು. ಇಬ್ಬರೂ ಮಾತು ಬಿಟ್ಟು ಎರಡು ವರ್ಷ.

"ನೀವು ಕಂಡಿದೀರಾ?"

"ಇಲ್ಲ. ನಿಮ್ಮೋರು ಹೋಗಿ ನೋಡ್ಲಿ. ಸುಳ್ಳಾದ್ರೆ ಸುಳ್ಳು ಅಂತ ಬರೀರಿ. ಕಂಪ್ಯೂಟರಿಗೆ ಮಾತ್ರ ಏರಿಸ್ರಿ."

ತಕರಾರು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೊರಟಳು.

"ಒಬ್ರಿಗೆ ಸೂರಾಗ್ತೈತೆ ಅಂದ್ರೆ ಇನ್ನೊಬ್ರಿಗೆ ಹೊಟ್ಟೆಯುರಿ," ಎಂದು ಕಾರ್ಯದರ್ಶಿ ದಯಾನಂದ ನಕ್ಕರು. ತಕರಾರಿಲ್ಲದ ಅರ್ಜಿ ಸಂಘಕ್ಕೆ ಬರುವುದೇ ಅಪರೂಪ. ಸಿಬ್ಬಂದಿ ಹೋಗಿ ನೋಡಿ, ನಿಜ ಅಥವಾ ಸುಳ್ಳು ಎಂದು ದಾಖಲಿಸುತ್ತಿದ್ದರು. ತಕರಾರು ನಿಜವಾದವರನ್ನು ಕೈಬಿಟ್ಟು ಪಟ್ಟಿ ಕೊಡುವುದು ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸ.

ಅನುಸೂಯ ಹೊಸದುರ್ಗದ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು ಸಂಘ ಸೇರಿ ಆರು ತಿಂಗಳು. ತಪ್ಪಾದೀತೆಂಬ ಭಯ ಸದಾ. ಪ್ರೋಗ್ರಾಂ ಬರೆದ ಹನುಮೇಶನಿಗೆ ಫೋನ್ ಮಾಡಿದಳು. "ತಕರಾರು ಕಲಂ ಖಾಲಿ ಬಿಟ್ಟರೆ?"

"ಖಾಲಿ ಇದ್ರೆ ತಲೆನೋವೇ ಇಲ್ಲ ಬಿಡ್ರಿ."

ಅವಳು ಹುಚ್ಚಕ್ಕನ ತಕರಾರು ಅರ್ಜಿಯನ್ನು ನಾಲ್ಕು ಚೂರು ಮಾಡಿದಳು. ಗಿರಿಯಮ್ಮನ ಕಲಂ ಖಾಲಿ ಇದೆಯೆಂದು ಮೂರು ಸಲ ನೋಡಿದಳು.

ಸೋಮವಾರ ಪಟ್ಟಿ ಬಂತು. ತಕರಾರು ಸುಳ್ಳಾದವರೆಲ್ಲ ಇದ್ದರು. ಗಿರಿಯಮ್ಮ ಇರಲಿಲ್ಲ.

ಹನುಮೇಶ್ ಒಂದು ಗಂಟೆ ತಡಕಾಡಿ ಫೋನ್ ಮಾಡಿದ. "ನಂದೇ ತಪ್ಪು. ಪರೀಕ್ಷಿಸಕ್ಕೆ ಏನೂ ಇಲ್ದಿದ್ರೆ ಪ್ರೋಗ್ರಾಂ 'ತಕರಾರೆಲ್ಲಾ ನಿಜ' ಅನ್ಕಳ್ಳುತ್ತೆ. ನಿಜ ಅಂದಮೇಲೆ ಕೈಬಿಡುತ್ತೆ. ಒಂದೇ ಒಂದು ಸುಳ್ಳು ತಕರಾರಿದ್ದಿದ್ರೆ ಉಳ್ಕಂತಿದ್ಲು."

"ಸಹಿ ಬಿದ್ದಾಯ್ತು. ಮನೆಗಳೂ ಮುಗಿದ್ವು," ಎಂದರು ದಯಾನಂದ.

ಮಧ್ಯಾಹ್ನ ಹುಚ್ಚಕ್ಕ ಬಂದಳು. ಗೋಡೆಗೆ ಅಂಟಿಸಿದ ಪಟ್ಟಿಯನ್ನು ಯಾರಿಂದಲೋ ಎರಡು ಸಲ ಓದಿಸಿಕೊಂಡಳು. ಆಮೇಲೆ ಅನುಸೂಯಳ ಮೇಜಿನ ಮುಂದೆ ನಿಂತಳು.

"ನನ್ನ ಅರ್ಜಿ ಏರಿಸ್ಲಿಲ್ವೇನವ್ವ? ನಮ್ ಕೇರೀಲಿ ತಕರಾರು ಸುಳ್ಳಾದೋರಿಗೇ ಮನೆ ಬಂದಿದ್ದು. ನಂಗೂ ಹಂಗೇ ಬಂತು, ಗಿರಿಯಮ್ಮ ಸಿಟ್ಟಲ್ಲಿ ಬರೆಸಿದ್ದ ಸುಳ್ಳಿಂದ — ಅವ್ಳಿಗೂ ಆಗ್ಲಿ ಅಂತ ನಾನೊಂದು ಸುಳ್ಳು ಬರೆಸಿದ್ದೆ."