ಆಸ್ಪತ್ರೆಯ ಬೆಂಚು

“ಯಾವ ವಾರ್ಡು? ಯಾವ ಬೆಡ್ಡು?” ಆಸ್ಪತ್ರೆಯ ಕಾವಲುಗಾರ ಕೈ ಅಡ್ಡ ಹಿಡಿದ. “ಇವತ್ತಿಂದ ಪಾಸ್ ಇಲ್ದೆ ಯಾರನ್ನೂ ಒಳಗೆ ಬಿಡೋ ಹಾಗಿಲ್ಲಮ್ಮ.”

ಅವಳು ಗಕ್ಕನೆ ನಿಂತಳು. ಎರಡು ತಿಂಗಳಿಂದ ದಿನಾ ಬಂದು ಇಲ್ಲಿನ ಬೆಂಚಿನಲ್ಲಿ ಕೂರುತ್ತಿದ್ದಳು, ನಿಜ. ಆದರೆ ಅವಳ ಪೈಕಿಯವರು ಯಾರೂ ಒಳಗೆ ಮಲಗಿರಲಿಲ್ಲ. ವಯಸ್ಸು ಮೂವತ್ತೊಂದು, ಇದ್ದ ಕೆಲಸ ಹೋಗಿತ್ತು, ಮದುವೆ ಆಗಿರಲಿಲ್ಲ. ಮನೆಯಲ್ಲಿದ್ದರೆ ಎದುರುಮನೆ ಆಂಟಿ “ಕೆಲಸ ಸಿಕ್ತಾ? ಗಂಡು ಸಿಕ್ತಾ?” ಎಂದು ಒಂದೇ ಉಸಿರಿಗೆ ಕೇಳುತ್ತಿದ್ದರು. ಪಾರ್ಕಿನಲ್ಲಿ ಒಬ್ಬಳೇ ಕೂತರೆ ಜನ ಕಣ್ಣಲ್ಲೇ ನುಂಗುತ್ತಿದ್ದರು. ಆಸ್ಪತ್ರೆಯಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಕೂತವಳನ್ನು ಯಾಕೆ ಕೂತೆ ಎಂದು ಕೇಳುವ ಧೈರ್ಯ ಯಾವ ಪುಣ್ಯಾತ್ಮನಿಗಿದೆ! ಈಗ ಅದಕ್ಕೂ ಕಲ್ಲು ಬಿತ್ತು. ಇನ್ನು ಸಂಜೆಯವರೆಗೆ ಎಲ್ಲಿಗೆ ಹೋಗುವುದು?

“ನಮ್ಮ ದೊಡ್ಡಮ್ಮ...” ಎಂದು ತೊದಲಿದಳು.

“ಸರಿ, ದೊಡ್ಡಮ್ಮನ ಬೆಡ್ ನಂಬರ್?”

“ಮುನ್ನೂರ ಎರಡು,” ಎಂದಿತು ಹಿಂದಿನಿಂದ ಒಂದು ದನಿ. ತಿರುಗಿದರೆ, ನೀಲಿ ಬ್ಯಾಗಿನವಳು. ದಿನಾ ಎದುರು ಬೆಂಚಿನಲ್ಲಿ ಕೂರುವವಳು, ಹೆಚ್ಚುಕಡಿಮೆ ಇವಳದೇ ವಯಸ್ಸು. ಒಂದು ದಿನವೂ ಮಾತಾಡಿದ್ದಿಲ್ಲ. ಪಾಪ, ಯಾರಿಗೆ ಏನಾಗಿದೆಯೋ ಎಂದು ಅವಳನ್ನು ನೋಡಿ ಇವಳು ಎಷ್ಟೋ ಸಲ ಮರುಗಿದ್ದಳು.

ಕಾವಲುಗಾರ ಪಟ್ಟಿಯ ಮೇಲೆ ಬೆರಳಾಡಿಸಿದ. “ಅಲ್ಲಮ್ಮಾ, ಮುನ್ನೂರ ಎರಡು ಹೆರಿಗೆ ವಾರ್ಡು! ದೊಡ್ಡಮ್ಮಂಗೆ ಹೆರಿಗೇನಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ನಗು ತಡೆಯಲಾಗದೆ ಅಲ್ಲಿಂದ ಕಾಲ್ತೆಗೆದು, ರಸ್ತೆಯಾಚೆಯ ಟೀ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಿಮ್ಮವರು ಯಾವ ವಾರ್ಡು?” ಕಣ್ಣೊರೆಸಿಕೊಳ್ಳುತ್ತ ಇವಳು ಕೇಳಿದಳು.

“ಯಾವ ವಾರ್ಡೂ ಇಲ್ಲ ಮಾರಾಯ್ತಿ. ಆರು ತಿಂಗಳಿಂದ ಕೆಲಸ ಇಲ್ಲ. ಇರೋದು ಅಣ್ಣನ ಮನೇಲಿ. ಅತ್ತಿಗೆ ಪಾತ್ರೆ ಇಡೋ ಸದ್ದಲ್ಲೇ ಎಲ್ಲಾ ಹೇಳ್ತಾರೆ.” ನೀಲಿ ಬ್ಯಾಗಿನವಳು ಮೂಗೊರೆಸಿಕೊಂಡಳು. “ನಿಮ್ಮನ್ನ ನೋಡಿ ನನಗೆ ಅಳುನೇ ಬರ್ತಿತ್ತು. ಇನ್ನೇನು ಯಾರೋ ಹೋಗಿಬಿಡ್ತಾರೆ ಅನ್ನೋ ಹಾಗೆ ಕೂತಿರ್ತಿದ್ರಿ.”

“ಅಯ್ಯೋ, ನಾನೂ ನಿಮಗೋಸ್ಕರ ದೇವರಿಗೆ ಕೈ ಮುಗಿದಿದೀನಿ ಕಣ್ರೀ!”

ಟೀ ಎರಡು ಸಲ ಬಂತು. ಎರಡು ತಿಂಗಳ ಮಾತು ಅಂದು ಒಂದೇ ದಿನ ಹೊರಬಿತ್ತು; ಸಂಜೆಯಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಅವಳನ್ನು ಕಂಡ ಕಾವಲುಗಾರ ಸೊಂಟಕ್ಕೆ ಕೈಕೊಟ್ಟು ನಿಂತ. “ಮತ್ತೆ ಬಂದ್ರಾ? ಇವತ್ತು ಯಾರನ್ನ ನೋಡೋಕಮ್ಮಾ?”

ಈ ಸಲ ಅವಳು ತೊದಲಲಿಲ್ಲ. ರಸ್ತೆಯಾಚೆ, ಮೆಟ್ಟಿಲ ಮೇಲೆ ಜಾಗ ಹಿಡಿದುಕೊಂಡು ಕೈಬೀಸುತ್ತಿದ್ದ ನೀಲಿ ಬ್ಯಾಗಿನವಳತ್ತ ಬೆರಳು ತೋರಿಸಿದಳು.

“ಅವಳನ್ನ.”