ಹಳೇ ಬ್ಯಾಟರಿಯೇ ಇರಲಿ

ಹೊಸ ಬ್ಯಾಟರಿ ಕೂರಿಸಿ, ಟರ್ಮಿನಲ್ಲುಗಳನ್ನು ಬಿಗಿದು ಮೆಕ್ಯಾನಿಕ್ ಕೀಲಿ ತಿರುಗಿಸಿದ್ದೇ ತಡ, ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬೆಳಗಿನ ಆರೂಕಾಲು. ಬಿಟ್ಟ ಉಸಿರೆಲ್ಲ ಹೊಗೆಯಾಗಿ ಕಾಣುವಂಥ ಚಳಿ. ಇಂಥ ಹೊತ್ತಿನಲ್ಲಿ ಇಪ್ಪತ್ತೆಂಟು ವರ್ಷದ ಮುದಿ ಗಾಡಿ ಹೀಗೆ ಓಗೊಟ್ಟರೆ ಮೆಚ್ಚುಗೆಯ ಒಂದು ಮಾತಾದರೂ ಬೇಡವೇ? ಅವನು ಹಲ್ಲು ಕಿರಿಯುತ್ತಾ ತಿರುಗಿ ನೋಡಿದರೆ, ಅಡುಗೆಮನೆಯಿಂದ ಓಡಿಬಂದ ಮನೆಯಾಕೆ ಬಾಗಿಲಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು.

"ಯಾರು ಹೇಳಿದ್ರು ಇದನ್ನ ಹಾಕೋಕೆ?"

ಮಗಳು ಹೇಳಿದ್ದಳು. ಅಮ್ಮನನ್ನು ಕೇಳಿದರೆ ಬೇಡ ಅಂತಾಳೆ, ಕೀಲಿ ಕಾರಿನಲ್ಲೇ ಇರುತ್ತೆ, ಬೆಳಿಗ್ಗೆಯೇ ಹೋಗಿ ಹಾಕಿಬಿಡಿ ಎಂದು ಹಿಂದಿನ ದಿನ ಫೋನು ಮಾಡಿದ್ದಳು. ಅದನ್ನೇ ಅವನೂ ಹೇಳಿದ. ಮನೆಯಾಕೆ ಕೇಳಿಸಿಕೊಂಡು, ಒಂದೇ ಮಾತು ಹೇಳಿದರು. "ತೆಗೆದುಬಿಡಪ್ಪ. ಹಳೇದನ್ನೇ ಹಾಕು."

ಮೆಕ್ಯಾನಿಕ್‌ಗೆ ತಲೆಬುಡ ತಿಳಿಯಲಿಲ್ಲ. ಸುತ್ತಮುತ್ತ ನಾಲ್ಕು ಬೀದಿಯಲ್ಲಿ ಅವನನ್ನು 'ಒಂದೇಟು' ಎಂದೇ ಕರೆಯುತ್ತಿದ್ದರು. ಅವನು ಮುಟ್ಟಿದ ಗಾಡಿಗೆ ಎರಡನೇ ಸಲ ಕೀಲಿ ತಿರುಗಿಸುವ ಮಾತೇ ಇರಲಿಲ್ಲ. ಹಳೆಯದರ ಆಯುಸ್ಸು ಮುಗಿದಿದೆ, ಚಳಿಯಲ್ಲಿ ಅದರ ಕಸುವು ಇನ್ನೂ ಇಳಿಯುತ್ತದೆ, ಆಯಿಲ್ ಗಟ್ಟಿಯಾಗಿ ಎಂಜಿನ್ನೂ ಭಾರವಾಗಿರುತ್ತದೆ, ಇವತ್ತೋ ನಾಳೆಯೋ ಪೂರ್ತಿ ಕೈ ಕೊಡುತ್ತದೆ ಎಂದೆಲ್ಲ ಬಿಡಿಸಿ ಹೇಳಿದ. ಮನೆಯಾಕೆ ಜಪ್ಪಯ್ಯ ಅನ್ನಲಿಲ್ಲ. ಕಾರಿನ ಪಕ್ಕಕ್ಕಿದ್ದ ಕೋಣೆಯ ಕಿಟಕಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಶುರುಮಾಡಿದರು.

ಕಿಟಕಿಯಾಚೆ ಅವರ ಯಜಮಾನರ ಮಂಚ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ, ಹತ್ತಿದವರ ತಲೆ ತಿಂದು ಇಳಿಸುತ್ತಿದ್ದ ಮಾತುಗಾರ. ಐದು ತಿಂಗಳ ಹಿಂದೆ ಲಕ್ವ ಹೊಡೆಯಿತು. ಕಾಲು ಸ್ವಲ್ಪ ಸರಿಹೋಯಿತು, ಮಾತು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. ಮಾತು ಕಲಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ ಹಸು, ಕುರ್ಚಿ, ಚಮಚ ಎಂದು ಚಿತ್ರದ ಕಾರ್ಡು ಹಿಡಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಚಮಚ ಅಂತ ಹೇಳೋದು ಅವರಿಗೆ ಅವಮಾನ ಅನ್ನಿಸುತ್ತಿತ್ತು ಅಂತ ಕಾಣುತ್ತೆ, ಪಾಪ. ಒಂದು ದಿನ ಬೆಳಿಗ್ಗೆ, ನಿಂತ ಗಾಡಿ ಹಾಳಾದೀತೆಂದು ಮನೆಯಾಕೆ ಹೋಗಿ ಕೀಲಿ ತಿರುಗಿಸಿದರು. ಚಳಿಗೆ ಅದು ಗೊರ್, ಗೊರ್ ಎಂದು ನರಳಿತು. ಕಿಟಕಿಯೊಳಗಿಂದ ದನಿ ಬಂತು: "ಚೋಕ್." ಬೀದಿಯಲ್ಲಿ ಯಾರೋ ಕೂಗಿದ್ದು ಅಂದುಕೊಂಡರು ಮನೆಯಾಕೆ. ಮತ್ತೆ ಬಂತು: "ಚೋಕ್ ಎಳಿ." ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಆ ಚೋಕ್ ಗುಂಡಿ ಯಾವುದೆಂದೇ ಡ್ರೈವಿಂಗ್ ಬಾರದ ಆಕೆಗೆ ಗೊತ್ತಿರಲಿಲ್ಲ. ಕಾರನ್ನು ಹಾಗೇ ಬಿಟ್ಟು ಒಳಗೆ ಓಡಿದ್ದರು.

"ಬಿಸಿಲು ಬಂದ ಮೇಲೆ ತಿರುಗಿಸಿದ್ರೆ ಸಲೀಸಾಗಿ ಸ್ಟಾರ್ಟ್ ಆಗುತ್ತೆ, ಆಗ ಇವ್ರು ತುಟಿ ಬಿಚ್ಚಲ್ಲ. ಅದಕ್ಕೇ ದಿನಾ ಆರು ಗಂಟೆಗೇ ಬರ್ತೀನಿ. ಅದು ಒದ್ದಾಡಿದ್ರೇನೇ ಇವ್ರಿಗೆ ಸಿಟ್ಟು ಬಂದು ಬೈಯೋದು. ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗಿಬಿಟ್ರೆ ನಾನೇನು ಮಾಡ್ಲಪ್ಪ?"

ಕಾರು ಇನ್ನೂ ಹದವಾಗಿ ಗುನುಗುತ್ತಿತ್ತು. ಕಿಟಕಿಯಿಂದ ಒಂದು ಸದ್ದೂ ಇಲ್ಲ. ಮೆಕ್ಯಾನಿಕ್ ಆ ಕಡೆ ಒಮ್ಮೆ ನೋಡಿ ಎಂಜಿನ್ ಆರಿಸಿದ. ಚೆನ್ನಾಗಿರುವುದನ್ನು ತೆಗೆದು ಕೆಟ್ಟದ್ದನ್ನು ಹಾಕುವ ಕೆಲಸ ಅವನು ಜನ್ಮದಲ್ಲಿ ಮಾಡಿದವನಲ್ಲ. ಸ್ಪಾನರ್ ಎರಡು ಸಲ ಜಾರಿತು. ಅಂತೂ ಹಳೆಯದು ತನ್ನ ಜಾಗಕ್ಕೆ ಬಂತು, ಮನೆಯಾಕೆ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಗೊರ್... ಗೊರ್ರ್... ಗೊರ್. ನಿಂತಿತು. ಇನ್ನೊಂದು ಸಲ. ಮತ್ತೆ ಅದೇ ನರಳಾಟ. ತನ್ನ ಕೈಯಾರೆ ಮಾಡಿದ ಈ ಕೆಲಸಕ್ಕೆ ಮೆಕ್ಯಾನಿಕ್ ಹಲ್ಲು ಕಚ್ಚಿಕೊಂಡು ನಿಂತಿದ್ದ.

ಒಳಗೆ ಯಾರೋ ಕೆಮ್ಮಿದರು. ಆಮೇಲೆ ತೊದಲಿದರೂ ಪೂರ್ತಿಯಾಗಿಯೇ ಬಂತು ಮಾತು:

"ಯಾವನೇ... ಅವ್ನು... ಮೆಕ್ಯಾನಿಕ್ಕು?"

ಮನೆಯಾಕೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಇಷ್ಟು ದಿನ ಬಂದದ್ದೆಲ್ಲ ಕಾರಿನ ಮಾತು. ಒಬ್ಬ ಮನುಷ್ಯನ ಬಗ್ಗೆ ಅವರು ಕೇಳಿದ್ದು ಇದೇ ಮೊದಲು.

ಮೆಕ್ಯಾನಿಕ್ ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದ. "ನಾನೇ, ಯಜಮಾನ್ರೇ. ಬ್ಯಾಟರಿ ಚೆನ್ನಾಗೇ ಇದೆ. ಚಳಿಗೆ ಎಲ್ಲಾ ಗಾಡೀನೂ ಹೀಗೇ," ಎಂದು ಹಸೀ ಸುಳ್ಳು ಹೇಳಿದ.

ಮಂಚ ಕಿರುಗುಟ್ಟಿತು.

"ದಡ್ಡ," ಎಂದಿತು ದನಿ. ಮತ್ತೆ ಒಂದೊಂದೇ ಮಾತು ಹುಡುಕಿ ಹೇಳಿತು: "ಒಳಗೆ ಬಾ. ಹೇಳಿ... ಕೊಡ್ತೀನಿ."

ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಂಡು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏನೂ ಬಾರದವನ ಹಾಗೆ ಒಳಗೆ ಹೋದ.